ಸಂಜೆಯ ಉಬ್ಬು ಯಾರದು?

"ದಯವಿಟ್ಟು ಒಂದು ನಿಮಿಷ ಕೂತ್ಕೊಳ್ತೀರಾ, ಮೇಡಂ?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಟಾರ್ಚಿನಂಥದೊಂದು ಯಂತ್ರ. ಅದರ ತುದಿಯಲ್ಲಿ ಕಪ್ಪು ಸ್ಪಂಜಿನ ಉಂಡೆ. ಆ ಉಂಡೆ ನೇರವಾಗಿ ಅವಳ ಪಾದಗಳಿಗೇ ಗುರಿಯಿಟ್ಟಿತ್ತು!

"ಇದು ನನ್ನ ರೂಮು. ಕೂತ್ಕೊಳ್ತೀನಿ, ನಿಂತ್ಕೊಳ್ತೀನಿ, ಬೇಕು ಅಂದ್ರೆ ಕುಣೀತೀನಿ. ನೀವ್ಯಾರ್ರೀ ಕೇಳೋಕೆ?"

"ಕೆಳಗಿನ ರೂಮಿನವನು. ಸದ್ದಿನ ವಿಭಾಗ. ಹೊಸ ರಸ್ತೆ ತೆರೆದಾಗ ಬಂದೆ, ಸ್ವಲ್ಪ ದಿನ ಆಯ್ತು." ಅವನು ಯಂತ್ರದ ಪರದೆಯನ್ನು ಅವಳ ಕಡೆ ತಿರುಗಿಸಿದ. "ನೀವಿಲ್ಲಿ ಓಡಾಡಿದ್ರೆ ಅಲ್ಲಿ ನನ್ನ ರೆಕಾರ್ಡಿಂಗಲ್ಲಿ ಬರುತ್ತೆ. ಹೊಸ ರಸ್ತೇಲಿ ಲಾರಿ ಸದ್ದು ಜಾಸ್ತಿ ಆಗಿದೆ ಅಂತ ಬರೆದು ಸಹಿ ಹಾಕೋದ್ರಲ್ಲಿದ್ದೆ. ಆಮೇಲೆ ಗೊತ್ತಾಯ್ತು..."

"ಏನು?"

"ಲಾರಿ ಅಲ್ಲ. ನಿಮ್ಮ ಚಪ್ಪಲಿ."

ಅವಳ ಮುಖ ಕೆಂಪಾಯಿತು. ಹುಟ್ಟಿದಾಗಿನಿಂದ ಅವಳನ್ನು ಗುಬ್ಬಿ ಅಂದವರಿದ್ದರು, ಕಡ್ಡಿ ಅಂದವರಿದ್ದರು. ಲಾರಿ ಅಂದವನು ಇವನೇ ಮೊದಲು!

"ಹಾಗಾದ್ರೆ ಹಾರ್ಕೊಂಡು ಓಡಾಡ್ಲಾ?"

"ಬೇಡ. ಹಾರಿದ್ರೆ ಇಳಿಯೋವಾಗ ಇನ್ನೂ ಜೋರಾಗಿ ಬರುತ್ತೆ," ಎಂದ ಅವನು, ಬಹಳ ಗಂಭೀರವಾಗಿ.

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

ಪರದೆಯ ಮೇಲಿನ ಅಂಕಿ ಸರ್ರನೆ ಏರಿತು. ಅವನು ಅಂಕಿ ನೋಡಿದ. ಅವಳನ್ನು ನೋಡಿದ. ಯಂತ್ರವನ್ನು ಮೆಲ್ಲಗೆ ಆಫ್ ಮಾಡಿ, "ಪರವಾಗಿಲ್ಲ... ಇದು ಇರ್ಲಿ," ಎಂದು ಮೆಟ್ಟಿಲಿಳಿದು ಹೋದ.

ಏನಿರಲಿ? ಚಪ್ಪಲಿಯಾ, ನಗುವಾ? ಅವಳಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ರೂಮಿನ ತುಂಬ ಮತ್ತೆ ನಾಲ್ಕು ಸುತ್ತು ಹೊಡೆದಳು.

ಅವಳನ್ನು ಇಡೀ ಸಂಸ್ಥೆ ಕರೆಯುತ್ತಿದ್ದುದೇ ಚಡಪಡಿ ಎಂದು. ತಲೆ ಓಡಿದರೆ ಅವಳಿಗೆ ಕಾಲೂ ಓಡಬೇಕು. ಸಂಸ್ಥೆ ಕೊಟ್ಟ ಕುರ್ಚಿ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಅದರ ಮೇಲೆ ಅವಳಿಗಿಂತ ಅವಳ ಬ್ಯಾಗು ಹೆಚ್ಚು ಹೊತ್ತು ಕೂತಿತ್ತು.

ಅವಳ ಕೆಲಸ ಗಾಳಿಯ ದಿನಚರಿ ಓದುವುದು. ಛಾವಣಿಯ ಮೂಲೆಯಲ್ಲಿ ಒಂದು ಬಿಳಿ ಪೈಪು ಹಗಲೂ ರಾತ್ರಿ ಗಾಳಿ ಎಳೆಯುತ್ತಿತ್ತು. ಅದರ ಬುಡದ ಸೆನ್ಸರ್, ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ನಿಮಿಷಕ್ಕೊಂದು ಅಂಕಿ ಕಳಿಸುತ್ತಿತ್ತು. ವರ್ಷಗಳ ಅಂಕಿಗಳು! ಗಿಡಮರ ಚಿಗುರಿದಾಗ ಆಗುವ ಇಳಿತವನ್ನು ಒಂದು ಕಡೆ ತೆಗೆದಿಟ್ಟು, ಭಾನುವಾರದ ಏರುಪೇರನ್ನು ಇನ್ನೊಂದು ಕಡೆ ತೆಗೆದಿಟ್ಟು, ಉಳಿದದ್ದರಲ್ಲಿ ಸದ್ದಿಲ್ಲದೆ ಏರುತ್ತಿರುವುದು ಏನಾದರೂ ಇದೆಯಾ ಎಂದು ಅವಳು ಹುಡುಕಬೇಕು. ಆ ಏರಿಕೆಗೆ ಟ್ರೆಂಡ್ ಎಂದು ಹೆಸರು.

"ಕಾಳು ಆರಿಸೋ ಕೆಲಸ ಅನ್ನು," ಎಂದಿದ್ದಳು ಅಕ್ಕ. ಟೈಲರ್ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಹಾಗಾಗಿ ಅವಳ ಮಾತೆಲ್ಲ ಸ್ವಲ್ಪ ಚುಚ್ಚುತ್ತಿತ್ತು.

ಇನ್ನು ನಿರ್ದೇಶಕರು. ಬೆನ್ನ ಹಿಂದೆ ಅವರು ಎಲ್ಲರಿಗೂ 'ಸರಾಸರಿ ಸರ್'. ನಿಮಿಷದ ಅಂಕಿ ಕಂಡರೆ ಅವರಿಗೆ ಮೈಯೆಲ್ಲ ಉರಿ.

"ನಿಮಿಷ ನಿಮಿಷಕ್ಕೂ ಬದಲಾಗೋದನ್ನ ನಂಬಬಾರದಮ್ಮ. ಗಂಟೆಗೊಂದು ಸರಾಸರಿ ಹಾಕು. ಮಿಕ್ಕಿದ್ದು ಮರ್ತುಬಿಡು!"

ಅವರ ದಾಂಪತ್ಯವೂ ಸರಾಸರಿ ತೆಗೆದರೆ ಚೆನ್ನಾಗಿಯೇ ಇತ್ತಂತೆ.

ಹೀಗೆ ಗಂಟೆಯ ಸರಾಸರಿಗಳನ್ನು ಜೋಡಿಸುತ್ತಿದ್ದಾಗಲೇ ಚಡಪಡಿಗೆ ಅದು ಕಂಡಿದ್ದು. ಸಂಜೆ, ಕಚೇರಿ ಬಿಡುವ ಹೊತ್ತಿನಲ್ಲಿ, ಗೆರೆಯ ಬೆನ್ನ ಮೇಲೊಂದು ಪುಟ್ಟ ಉಬ್ಬು. ಹಳೆಯ ವರ್ಷಗಳಲ್ಲಿ ಇರಲೇ ಇಲ್ಲ. ಊರ ಪಕ್ಕದ ಹೊಸ ರಸ್ತೆ ತೆರೆದ ಹೊತ್ತಿಗೆ ಶುರುವಾಗಿತ್ತು. ಆಮೇಲೆ ತಿಂಗಳಿಂದ ತಿಂಗಳಿಗೆ ದಪ್ಪಗಾಗುತ್ತ ಹೋಗಿತ್ತು!

"ರಸ್ತೆಯ ಹೊಗೆ!" ಸರಾಸರಿ ಸರ್ ಕುರ್ಚಿಯಿಂದ ಎದ್ದೇ ನಿಂತರು. "ಪತ್ರಿಕೆಯವರಿಗೆ ಹೇಳ್ತೀನಿ. ನಮ್ಮೆಲ್ಲರ ಕೆಲಸ ನೋಡೋ ಸಮೀಕ್ಷಾ ಸಮಿತಿ ಮುಂದೆ ನೀನೇ ಮಂಡಿಸು. ಈ ಸಲ ಕಾಯಂ ಹುದ್ದೆ ನಿಂದೇ ಅಂತ ಇಟ್ಕೋ."

ಕಾಯಂ! ಗುತ್ತಿಗೆ ಮುಗಿದಾಗಲೆಲ್ಲ ಕಪ್ಪು, ಕ್ಯಾಲ್ಕುಲೇಟರ್, ಕಿಟಕಿಯ ಗಿಡ ಎಲ್ಲ ಪೆಟ್ಟಿಗೆಗೆ ತುಂಬಿ ಕಚೇರಿಯಿಂದ ಕಚೇರಿಗೆ ಅಲೆದವಳು ಅವಳು. ಕೂರದಿದ್ದರೂ ಚಿಂತೆಯಿಲ್ಲ, ಇದು ನನ್ನ ಕುರ್ಚಿ ಎನ್ನುವಂಥದೊಂದು ಅವಳಿಗೆ ಬೇಕಿತ್ತು.

ಹುದ್ದೆ ಇದ್ದದ್ದು ಒಂದೇ. ಅರ್ಜಿ ಹಾಕಿದವರು ಇಬ್ಬರು. ಎರಡನೆಯವನು ಕೆಳಗಿನ ರೂಮಿನವನು.

ಸದ್ದು ಅಳೆಯುವ ಅವನಿಗೆ ಅಷ್ಟರಲ್ಲಿ ಡೆಸಿಬಲ್ ಎಂಬ ಹೆಸರು ಬಿದ್ದಿತ್ತು. ಹೆಸರು ಮಾತ್ರ ಡೆಸಿಬಲ್. ಮಾತನ್ನು ಜಿಪುಣನಂತೆ ಖರ್ಚು ಮಾಡುತ್ತಿದ್ದ, ಅದೂ ಪಿಸುದನಿಯಲ್ಲಿ. ಅವನ ಮಾತು ಕೇಳಬೇಕಾದರೆ ಸ್ವಲ್ಪ ಬಾಗಬೇಕಿತ್ತು. ಬಾಗಿ ಬಾಗಿ ಚಡಪಡಿಗೆ ಅದೇ ರೂಢಿಯಾಗಿಬಿಟ್ಟಿತ್ತು.

ಒಂದು ದಿನ ರಬ್ಬರಿನ ಚಾಪೆ ಹೊತ್ತು ತಂದ.

"ಇದು ನಿಮಗಲ್ಲ. ನನ್ನ ಡೇಟಾಗೆ."

"ನಿಮ್ಮ ಡೇಟಾಗೆ ಕಾಫಿ ಬೇಕಾ?"

"ಸಕ್ಕರೆ ಕಮ್ಮಿ ಇದ್ರೆ ಕುಡಿಯುತ್ತೆ."

ಅಲ್ಲಿಂದ ಅವನ ಡೇಟಾ ದಿನಾ ಕಾಫಿ ಕುಡಿಯಿತು. ಅವನು ಮೂರು ಮಾತಾಡಿದರೆ ಅವಳು ಮೂವತ್ತು. ಸಂಜೆಯಾಗುತ್ತಿದ್ದಂತೆ ಅವನು ಗಡಿಯಾರ ನೋಡಿ, "ಬರ್ಲಾ?" ಎಂದು ಎದ್ದು ಹೋಗುತ್ತಿದ್ದ. ಎಲ್ಲಿಗೆ? ಅವಳು ಕೇಳಿರಲಿಲ್ಲ. ಕೇಳಬೇಕು ಅನಿಸಿದ ದಿನಗಳು ಮಾತ್ರ ಹೆಚ್ಚಾಗುತ್ತಿದ್ದವು...

ಸಮೀಕ್ಷೆಗೆ ಒಂದು ವಾರವಿರುವಾಗ ಪೂರ್ವಾಭ್ಯಾಸ ನಡೆಯಿತು. ಚಡಪಡಿ ಪರದೆಯ ಮುಂದೆ ಆ ಕಡೆಯಿಂದ ಈ ಕಡೆ ಓಡಾಡುತ್ತ ವಿವರಿಸಿದಳು.

"ಈ ಉಬ್ಬು ಕಚೇರಿ ಇರೋ ದಿನಗಳಲ್ಲಿ ಮಾತ್ರ ಬರುತ್ತೆ. ಸಂಜೆ ಮಾತ್ರ. ಗಾಳಿ ಬೀಸಿದ್ರೂ ಕರಗಲ್ಲ. ತಿಂಗಳಿಂದ ತಿಂಗಳಿಗೆ ಬೆಳೀತಾ ಇದೆ."

ಕೊನೆಯ ಸಾಲಿನಲ್ಲಿ ಡೆಸಿಬಲ್ ಕೂತಿದ್ದ. ಅವನ ಮುಖದ ಬಣ್ಣ ಮೆಲ್ಲಗೆ ಇಳಿಯಿತು.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಅವಳಿಗಾಗಿ ಕಾಯುತ್ತಿದ್ದ.

"ಆ ಉಬ್ಬು ಇದೆಯಲ್ಲ... ಅದನ್ನ ತೆಗೆದುಬಿಡಿ."

"ಯಾಕೆ?"

"ಅದು ರಸ್ತೇದಲ್ಲ."

"ಮತ್ತೆ ಯಾರದು?"

ಅವನ ಎರಡೂ ಕಿವಿ ಕೆಂಪಗಾದವು. "ಹೇಳೋಕಾಗಲ್ಲ. ನನ್ನ ನಂಬಿ."

"ಕಾರಣ ಕೊಡದೆ ಡೇಟಾ ಅಳಿಸು ಅಂತೀರಾ? ಅದೂ ಸಮೀಕ್ಷೆ ಎದುರಿಗಿರೋವಾಗ?" ಅವಳು ಒಂದು ಹೆಜ್ಜೆ ಮುಂದಿಟ್ಟಳು. "ಹುದ್ದೆ ಬೇಕಾಗಿದ್ರೆ ಕೆಲಸ ಮಾಡಿ ತಗೊಳ್ಳಿ! ನನ್ನ ಕಾಲೆಳೆದು ಅಲ್ಲ!"

ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತ.

"ಹುದ್ದೆ... ನೀವು ಹಾಗಂದ್ಕೊಂಡ್ರಾ?"

ಅವಳು ಮುಖ ತಿರುಗಿಸಿದಳು. ಅವನು ಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆಯ ಸದ್ದೂ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಗ್ರಾಫ್ ತೆರೆದ ಚಡಪಡಿ ಬೆಚ್ಚಿಬಿದ್ದಳು. ಹಿಂದಿನ ಸಂಜೆ ಉಬ್ಬೇ ಇಲ್ಲ! ಗೆರೆ ಇಸ್ತ್ರಿ ಹೊಡೆದಂತೆ ಚಪ್ಪಟೆ.

ಅದರ ಮರುದಿನವೂ ಚಪ್ಪಟೆ. ಮುಂದಿನ ದಿನವೂ.

"ಸೆನ್ಸರ್ ಕೆಟ್ಟಿರ್ಬೇಕು," ಎಂದರು ಸರಾಸರಿ ಸರ್. "ಈ ವಾರ ಕೈಬಿಡು. ಹೋದ ವಾರದವರೆಗೆ ತೋರಿಸು."

"ಹೋದ ವಾರದಲ್ಲಿದ್ದ ಲಾರಿಗಳು ಈ ವಾರ ಎಲ್ಲಿ ಹೋದ್ವು, ಸರ್?"

"ಲಾರಿಗೂ ಸುಸ್ತಾಗಲ್ವೇನಮ್ಮ?"

ಅವಳು ರೂಮಿಗೆ ಬಂದು ಚಾಪೆ ಬಿಟ್ಟು ಬರಿನೆಲದ ಮೇಲೆ, ಬೇಕೆಂದೇ ಚಪ್ಪಲಿ ಕುಟ್ಟಿಕೊಂಡು ಓಡಾಡಿದಳು. ಕೆಳಗಿನಿಂದ ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಕುಟ್ಟಿದಳು. ಊಹೂಂ.

'ಬರ್ದಿದ್ರೆ ಬೇಡ! ನನಗೇನು?' ಎಂದುಕೊಂಡಳು. ಆಮೇಲೆ ಎರಡು ಕಪ್ ಕಾಫಿ ಮಾಡಿದಳು. ಒಂದರಲ್ಲಿ ಸಕ್ಕರೆ ಕಮ್ಮಿ. ಅದನ್ನು ಕಂಡು ಅವಳಿಗೇ ಸಿಟ್ಟು ಬಂತು. ಸಿಟ್ಟಿನ ಹಿಂದೆ ಕಣ್ಣೀರೂ ಬಂತು...

ಕಣ್ಣೊರೆಸಿಕೊಂಡು, ಇಷ್ಟು ದಿನ ಮಾಡದ ಕೆಲಸ ಮಾಡಿದಳು. ಸರಾಸರಿಗಳನ್ನು ಮುಚ್ಚಿ ನಿಮಿಷದ ಅಂಕಿಗಳನ್ನು ತೆರೆದಳು.

ಉಬ್ಬು ಉಬ್ಬಾಗಿರಲಿಲ್ಲ! ಗರಗಸದ ಹಲ್ಲು. ಏರುತ್ತದೆ, ಇಳಿಯುತ್ತದೆ. ಮತ್ತೆ ಏರುತ್ತದೆ, ಸ್ವಲ್ಪ ತಡೆದು ಇಳಿಯುತ್ತದೆ. ಲಾರಿಗಳ ಹೊಗೆ ಹೀಗೆ ಬಿಟ್ಟು ಬಿಟ್ಟು ಬರುವುದಿಲ್ಲ. ಇದು ಹೇಗಿತ್ತೆಂದರೆ... ಯಾರೋ ಮಾತಾಡಿ, ಕೇಳಿಸಿಕೊಂಡು, ಮತ್ತೆ ಮಾತಾಡಿದ ಹಾಗೆ!

ಅವಳು ಛಾವಣಿಗೆ ಓಡಿದಳು.

ಮೇಲೆ ಗಾಳಿ ರೊಯ್ಯೆನ್ನುತ್ತಿತ್ತು. ಪೈಪಿದ್ದ ಮೂಲೆಯಲ್ಲಿ ಮಾತ್ರ ಎರಡು ಗೋಡೆಗಳ ಮರೆ. ಅಲ್ಲಿ ಗಾಳಿ ಇಲ್ಲ. ಅಲ್ಲಿ ನಿಂತು, ಮೊಬೈಲಿನಲ್ಲಿ ಸೆನ್ಸರಿನ ಅಂಕಿ ತೆರೆದು, ಪೈಪಿನ ಬಾಯಿಗೆ ಮುಖವಿಟ್ಟಳು.

"ಮೊಂಡ!" ಎಂದಳು.

ಅಂಕಿ ಕದಲಿತು.

"ಗೂಬೆ! ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಹೋಗಿ ಕೆಳಗೆ ಬಚ್ಚಿಟ್ಕೊಂಡಿದ್ದೀಯಲ್ಲ! ಕಾಫಿ ಆರಿಹೋಯ್ತು, ಗೊತ್ತಾ?"

ಅಂಕಿ ಚಂಗನೆ ಮೇಲೆ ಹಾರಿತು. ಅವಳು ಸುಮ್ಮನಾಗಿ ಆಚೆ ಸರಿದಳು. ಇಳಿಯಿತು. ಅದೇ ಗರಗಸ.

ಹೊಗೆಯಲ್ಲ. ಉಸಿರು! ಒಬ್ಬ ಮನುಷ್ಯನ ಉಸಿರನ್ನು ಅವಳು ಇಡೀ ಊರಿನ ತಲೆಗೆ ಕಟ್ಟಿದ್ದಳು. ಆ ಮನುಷ್ಯ ಯಾರೆಂದು ಇನ್ನು ಯಾರೂ ಹೇಳಬೇಕಿರಲಿಲ್ಲ. ಅವಳ ಗ್ರಾಫ್ ನೋಡಿದ ದಿನದಿಂದಲೇ ಅವನು ಛಾವಣಿ ಹತ್ತುವುದನ್ನು ಬಿಟ್ಟಿದ್ದ.

"ನೀವೇ ಅಲ್ವಾ?" ಕೆಳಗಿನ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು.

ಡೆಸಿಬಲ್ ಹೆಡ್‌ಫೋನ್ ತೆಗೆದು ಎದ್ದು ನಿಂತ. ತಲೆ ತಗ್ಗಿಸಿದ.

"ಅಮ್ಮಂಗೆ ಕಿವಿ ಮಂದ. ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂದ್ರೆ, ನನಗೇನು ವಯಸ್ಸಾಗಿದ್ಯಾ ಅಂತಾರೆ. ದಿನಾ ಸಂಜೆ ಫೋನ್ ಮಾಡ್ಬೇಕು, ಕೂಗಿ ಮಾತಾಡ್ಬೇಕು. ರೂಮಲ್ಲಿ ಕೂಗಿದ್ರೆ ಈ ಮೈಕುಗಳು. ರಸ್ತೇಲಿ ಕೂಗಿದ್ರೆ ಅಲ್ಲೂ ನಾನೇ ಇಟ್ಟಿರೋ ಮೈಕುಗಳು. ಛಾವಣೀಲಿ ಗಾಳಿ. ಆ ಮೂಲೆ ಒಂದೇ ಸಿಕ್ಕಿದ್ದು. ಮೂಲೆಗೆ ತಿರುಗಿ ಕೂಗ್ತಿದ್ದೆ. ಅವರು ಮಾತಾಡೋವಾಗ ಅಡ್ಡಾಡ್ತಿದ್ದೆ."

"ಇಷ್ಟು ಹೇಳೋಕೆ ನಾಚಿಕೆನಾ?"

"ಹೇಳಿದ್ರೆ ನೀವು ಮುಂದಿನ ಪ್ರಶ್ನೆ ಕೇಳ್ತೀರಿ. ನೀವು ಯಾವತ್ತೂ ಕೇಳ್ತೀರಿ."

ಅವಳು ಅವತ್ತು ಕೇಳಲಿಲ್ಲ. ಅವನ ಕುರ್ಚಿಯಲ್ಲಿ ಕುಸಿದು ಕೂತಳು. ಚಡಪಡಿ ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ನನ್ನ ಹತ್ರ ಏನೂ ಇಲ್ಲ," ಎಂದಳು. "ಗ್ರಾಫೂ ಇಲ್ಲ. ಹುದ್ದೇನೂ ಇಲ್ಲ."

"ನಾನು ಅರ್ಜಿ ವಾಪಸ್ ತಗೊಳ್ತೀನಿ."

"ತಗೊಂಡು ನೋಡಿ!" ಅವಳು ಧಡಕ್ಕನೆ ಎದ್ದಳು. "ಗೆದ್ರೆ ಕೆಲಸದಿಂದ ಗೆಲ್ತೀನಿ. ನೀವು ಅಯ್ಯೋ ಪಾಪ ಅನ್ನೋದ್ರಿಂದಲ್ಲ." ಬಾಗಿಲವರೆಗೆ ಹೋಗಿ ತಿರುಗಿದಳು. "ಅವತ್ತು... ಕಾಲೆಳೀತೀರಿ ಅಂದೆನಲ್ಲ. ತಪ್ಪಾಯ್ತು."

ಅವನು ಏನೋ ಹೇಳಲು ಬಂದ. ಅವಳಾಗಲೇ ಮೆಟ್ಟಿಲ ಮೇಲಿದ್ದಳು.

ಮನೆಯಲ್ಲಿ ಅಕ್ಕ ತಂಗಿಯ ಹೊಸ ಅಂಗಿಗೆ ತೋಳು ಜೋಡಿಸುತ್ತಿದ್ದಳು. ಚಡಪಡಿ ಎಲ್ಲವನ್ನೂ ಹೇಳುತ್ತ ಹೊಲಿಗೆ ಮಿಷನ್ನಿನ ಸುತ್ತ ಸುತ್ತಿದಳು.

"ಪುಟ್ಟಿ, ನನ್ನ ತಲೆ ತಿರುಗ್ತಿದೆ," ಎಂದಳು ಅಕ್ಕ. "ಸಮಿತಿಗೆ ನಿಜ ಹೇಳಿದ್ರೆ ಏನಾಗುತ್ತೆ?"

"ಹುದ್ದೆ ಹೋಗುತ್ತೆ."

"ಹೇಳ್ದಿದ್ರೆ?"

"ಯಾರಿಗೂ ಗೊತ್ತಾಗಲ್ಲ. ಆದ್ರೆ... ಇನ್ನು ಯಾವ ಗೆರೆ ನೋಡಿದ್ರೂ ನನಗೆ ನಂಬಿಕೆ ಬರಲ್ಲ, ಅಕ್ಕ."

"ಮತ್ತೆ ನನ್ನ ಯಾಕೆ ಕೇಳ್ತೀಯ? ನೆಟ್ಟಗೆ ನಿಂತ್ಕೋ, ತೋಳಿನ ಅಳತೆ ತಪ್ಪುತ್ತೆ." ಸೂಜಿಯೊಂದನ್ನು ಬಾಯಿಂದ ತೆಗೆದು ಸೇರಿಸಿದಳು, "ಆ ಕೂಗುಮಾರಿನ ಒಂದ್ಸಲ ಮನೆಗೆ ಕರ್ಕೊಂಡು ಬಾ. ಅವನ ಭುಜದ ಅಳತೇನೂ ನೋಡ್ತೀನಿ."

"ಅಕ್ಕಾ!"

ಸಮಿತಿಯ ಅಧ್ಯಕ್ಷೆ ನಿವೃತ್ತ ವಿಜ್ಞಾನಿ. ಕನ್ನಡಕದ ಮೇಲಿನಿಂದ ನೋಡಿದರೆ ಎದುರಿದ್ದವರಿಗೆ ತಮ್ಮ ಶಾಲೆಯ ಅಂಕಪಟ್ಟಿ ನೆನಪಾಗುತ್ತಿತ್ತು. ಚಡಪಡಿ ಅವರ ಮುಂದೆ ಮೊದಲು ಉಬ್ಬು ತೋರಿಸಿದಳು. ಸರಾಸರಿ ಸರ್ ಹೆಮ್ಮೆಯಿಂದ ಟೈ ಸರಿಮಾಡಿಕೊಂಡರು. ಆಮೇಲೆ ಅವಳು ಗರಗಸ ತೋರಿಸಿದಳು. ಟೈ ಸಡಿಲಾಯಿತು.

"ಇದು ರಸ್ತೆಯ ಹೊಗೆ ಅಲ್ಲ, ಮೇಡಂ. ನಮ್ಮ ಸಿಬ್ಬಂದಿಯೊಬ್ಬರು ಪೈಪಿನ ಪಕ್ಕ ನಿಂತು ಫೋನಲ್ಲಿ ಮಾತಾಡ್ತಿದ್ರು. ಅವರ ಉಸಿರು. ನಾನೇ ನಿಂತು ಪರೀಕ್ಷೆ ಮಾಡಿದೆ. ನಿಮಿಷದ ಅಂಕಿ ಮೊದಲೇ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನನ್ನದು. ವರದಿ ವಾಪಸ್ ತಗೊಳ್ತೀನಿ."

ಹೇಳಿ ಮುಗಿಸಿ ತನ್ನ ಕಾಗದಗಳನ್ನು ಜೋಡಿಸಿದಳು. ಹೋಯಿತು... ಕುರ್ಚಿ ಹೋಯಿತು.

ಅಧ್ಯಕ್ಷೆಯ ತುಟಿಯಂಚು ಕದಲಿತು. "ಅಂದ್ರೆ ಇಷ್ಟು ದಿನ ನೀವು ಅಳೆದಿದ್ದು ಗಾಳಿಮಾತು!"

ಸಭೆ ಗೊಳ್ಳೆಂದಿತು. ಅವರು ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಒಂದು ಪ್ರಶ್ನೆ. ಒಬ್ಬ ಮನುಷ್ಯ ದಿನಾ ಅಲ್ಲೇ ನಿಂತು ಅಷ್ಟೇ ಹೊತ್ತು ಮಾತಾಡಿದ್ರೆ ಉಬ್ಬು ಅಷ್ಟೇ ಇರ್ಬೇಕು. ಇದು ಬೆಳೀತಾ ಹೋಗಿದೆ. ಇದಕ್ಕೆ ಏನು ಕಾರಣ?"

ಚಡಪಡಿ ಪರದೆಯ ಕಡೆ ತಿರುಗಿದಳು. ತಾನು ಕೇಳದೆ ಬಿಟ್ಟ ಮುಂದಿನ ಪ್ರಶ್ನೆ ಇದೇ!

ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಆ ಸಿಬ್ಬಂದಿ ನಾನು, ಮೇಡಂ."

ಎಲ್ಲರೂ ತಿರುಗಿದರು. ಡೆಸಿಬಲ್ ನಿಂತಿದ್ದ. ಅವನ ಕಿವಿಗಳನ್ನು ನೋಡಿದರೆ ಬೆಂಕಿ ಹತ್ತಿದಂತಿತ್ತು.

"ಸ್ವಲ್ಪ ಜೋರಾಗಿ ಹೇಳಿ."

"ಅಮ್ಮನ ಹತ್ರ ಮಾತಾಡ್ತಿದ್ದೆ. ಮೊದಮೊದಲು ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ. ಆಮೇಲೆ ಒಂದು ದಿನ... ಮೇಲಿನ ರೂಮಲ್ಲಿ ಒಬ್ಬರಿದ್ದಾರೆ ಅಂದೆ. ಅಮ್ಮ 'ಯಾರು?' ಅಂದ್ರು." ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದ. "ಅಲ್ಲಿಂದ ಮಾತು ಬೆಳೀತು."

ಅಧ್ಯಕ್ಷೆ ಮುಂದೆ ಹೇಳಿ ಎನ್ನುವಂತೆ ತಲೆಯಾಡಿಸಿದರು.

"ದಿನಾ ಏನಾದ್ರೂ ಇರ್ತಿತ್ತು ಹೇಳೋಕೆ. ಇವತ್ತು ನಕ್ಕರು. ಇವತ್ತು ಬೈದ್ರು. ಇವತ್ತು ಬೆಳಗ್ಗಿಂದ ಓಡಾಡಿಲ್ಲ, ಹುಷಾರಿಲ್ವೇನೋ... ಮತ್ತೆ ನಮ್ಮಮ್ಮಂಗೆ ಒಂದ್ಸಲಕ್ಕೆ ಕೇಳಿಸಲ್ಲ ಮೇಡಂ. ಎಲ್ಲಾನೂ ಎರಡೆರಡು ಸಲ ಕೂಗ್ಬೇಕು."

ಯಾರೋ ಚಪ್ಪಾಳೆ ತಟ್ಟಿಬಿಟ್ಟರು. ಚಡಪಡಿಗೆ ಅದೊಂದೂ ಕೇಳಿಸಲಿಲ್ಲ. ಪರದೆಯ ಮೇಲಿನ ಗೆರೆ ನೋಡುತ್ತಿದ್ದಳು. ತಿಂಗಳುಗಟ್ಟಲೆ ದಿನಾ ಬೆಳಗ್ಗೆ ತೆರೆದು ನೋಡಿದ ಗೆರೆ! ಅಳತೆ ಮಾಡಿ, ಬಣ್ಣ ಹಚ್ಚಿ, ಕಾರಣ ಹುಡುಕಿ ಊರೆಲ್ಲ ಸುತ್ತಿದ್ದಳು. ಕಾರಣ ತಾನೇ ಆಗಿದ್ದಳು...

"ಅಂದ್ರೆ ಟ್ರೆಂಡ್ ನಿಜ," ಎಂದರು ಅಧ್ಯಕ್ಷೆ.

"ನಿಜ, ಮೇಡಂ."

"ನಿರ್ದೇಶಕರೇ, ಇದಕ್ಕೆ ಮಾತ್ರ ಸರಾಸರಿ ಹಾಕೋಕೆ ಹೋಗ್ಬೇಡಿ." ಕನ್ನಡಕ ತೆಗೆದರು. ದನಿ ಮತ್ತೆ ಗಟ್ಟಿಯಾಯಿತು. "ಕಾಯಂ ಹುದ್ದೆ ಈ ಸಲ ಯಾರಿಗೂ ಇಲ್ಲ. ಗುತ್ತಿಗೆ ಇನ್ನೊಂದು ವರ್ಷ ಮುಂದುವರೀಲಿ. ಪೈಪನ್ನ ಮನುಷ್ಯರ ಉಸಿರು ತಾಗದಷ್ಟು ಎತ್ತರಕ್ಕೆ ಹಾಕಿ, ಮೊದಲಿಂದ ಅಳೀರಿ. ಮುಂದಿನ ಸಲ ನನಗೆ ರಸ್ತೆ ವಿಷಯ ಬೇಕು."

ಸಂಜೆಯ ಬಿಸಿಲಲ್ಲಿ ಛಾವಣಿಯ ಮೇಲೆ ಚಡಪಡಿ ಏಣಿ ಹತ್ತಿ, ಪೈಪನ್ನು ಎತ್ತರಕ್ಕೇರಿಸಿ ಕ್ಲಾಂಪು ಬಿಗಿಯುತ್ತಿದ್ದಳು. ಏಣಿ ಅಲುಗಾಡುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಕೆಳಗೆ ನೋಡಿದಳು. ಎರಡು ಕೈ ಏಣಿಯನ್ನು ಬಿಗಿಯಾಗಿ ಹಿಡಿದಿದ್ದವು.

"ಉಸಿರು ಬಿಗಿಹಿಡಿದು ನಿಂತ್ಕೊಳ್ಳಲಾ?" ಎಂದ ಡೆಸಿಬಲ್.

"ಬೇಡ. ಸೆನ್ಸರ್ ಆಫ್ ಮಾಡಿದ್ದೀನಿ."

ಅವಳು ಕೊನೆಯ ಸ್ಕ್ರೂ ಬಿಗಿದಳು.

"ಇಡೀ ಸಭೆ ಮುಂದೆ ಹೇಳಿಬಿಟ್ರಲ್ರೀ..."

"ನೀವು ಹುದ್ದೇನೇ ಬಿಟ್ರಿ. ನಾನು ಮರ್ಯಾದೆ ಆದ್ರೂ ಬಿಡಬೇಡ್ವಾ?"

ನಗು ಬಂತು, ಕಣ್ಣೂ ತುಂಬಿತು. ಒಂದೊಂದೇ ಮೆಟ್ಟಿಲು ಇಳಿದು ಅವನ ಎದುರಿಗೆ ನಿಂತಳು. ಅವಳ ಕಾಲುಗಳು ಓಡಾಡಲಿಲ್ಲ. ಎಲ್ಲಿಗೂ ಹೋಗಬೇಕೆಂದು ಅನಿಸಲೂ ಇಲ್ಲ.

"ಅಮ್ಮಂಗೆ ಎಲ್ಲಾ ಹೇಳಿದ್ರಿ. ಸಮಿತಿಗೂ ಹೇಳಿದ್ರಿ. ನನಗೆ ಮಾತ್ರ ಒಂದು ಮಾತೂ ಹೇಳ್ಲಿಲ್ಲ."

"ಅಮ್ಮಂಗೆ ಅರ್ಧ ಕೇಳಿಸಲ್ಲ. ನಿಮಗೆ ಎಲ್ಲಾ ಕೇಳಿಸುತ್ತೆ. ಅದಕ್ಕೇ ಭಯ."

"ಈಗ ಹೇಳಿ."

ಅವನು ಬಾಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದ. ಬಹಳ ಮೆಲ್ಲಗೆ.

ಅವಳು ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ."

"ಕೇಳಿಸ್ಲಿಲ್ವಾ?"

"ಕೇಳಿಸ್ತು... ಇನ್ನೊಂದ್ಸಲ."